ನಲವತ್ತೊಂದನೆಯ ಗುರುತು

ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಪೆನಾಂಗಿನ ಬಯಾನ್ ಲೆಪಾಸ್‌ನ ನಮ್ಮ ಕಾರ್ಖಾನೆಯಲ್ಲಿ, ಹೊಸದಾಗಿ ಬಂದ ಯಂತ್ರದ ಮರದ ಪೆಟ್ಟಿಗೆಯನ್ನು ಬಿಚ್ಚಿದರು. ಮುಚ್ಚಳ ಎತ್ತಿದ ಕೂಡಲೇ ಒಣ ಪೈನ್ ಮರದ ವಾಸನೆ ಬಂತು, ಅದರ ಹಿಂದೆಯೇ ಪ್ಲೈವುಡ್ಡಿನ ಅಂಟಿನ ವಾಸನೆ. ನಾನು ಪಟ್ಟಿ ಹಿಡಿದು ಬೋಲ್ಟುಗಳನ್ನು ಎಣಿಸುತ್ತ ನಿಂತಿದ್ದೆ. ಒಂಬತ್ತರ ನಂತರ ಎಷ್ಟು ಎಂಬುದು ಮರೆತುಹೋಯಿತು. ಹಾಗಾಗುವುದು ನನಗೆ ಅಪರೂಪ. ಮತ್ತೆ ಒಂದರಿಂದ ಶುರು ಮಾಡಿದೆ.

ಸಂಜೆ ಮನೆಗೆ ಬಂದವಳೇ 2023ರ ಡೈರಿಯನ್ನು ಕಪಾಟಿನಿಂದ ಹೊರಗೆ ತೆಗೆದೆ. ಹೈಸ್ಕೂಲಿನಿಂದಲೂ ನಾನು ಡೈರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ. ದಿನಾಂಕ, ಸಮಯ, ಎಷ್ಟು, ಯಾವಾಗ ಇಂಥವೇ ಹೆಚ್ಚು. ಆ ನವೆಂಬರಿನ ಪುಟಗಳ ಮೇಲಂಚಿನಲ್ಲಿ ಮಳೆ ಬಂದ ದಿನಗಳಿಗೆ ಒಂದೊಂದು ಗೀಟು ಹಾಕಿದ್ದೆ. ಇಪ್ಪತ್ತೆರಡು ಗೀಟುಗಳಿದ್ದವು. ಕ್ಲಾಂಗ್ ಬಂದರಿನಲ್ಲಿ ಆ ತಿಂಗಳು ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾಗುತ್ತಿತ್ತು, ಮೂರೂವರೆಗೆ ಗುಡುಗು, ಐದಕ್ಕೆ ಮತ್ತೆ ಬಿಸಿಲು. ಕಂಟೇನರುಗಳ ಮೇಲಿಂದ ಹಬೆ ಏಳುತ್ತಿತ್ತು.

ಆಗ ನನಗೆ ಇಪ್ಪತ್ತನಾಲ್ಕು. ಬಂದರಿನ ಹತ್ತಿರ ಒಂದು ಸರಕು ಸಾಗಣೆ ಕಂಪನಿಯಲ್ಲಿ ದಾಖಲೆ ನೋಡಿಕೊಳ್ಳುವ ಕೆಲಸ. ನನ್ನ ಮೇಲಿನವರು ಮಂಗಳೂರಿನ ರೋನಾಲ್ಡ್ ಸರ್. ನಾನು ಬಸರೂರಿನವಳು ಎಂದು ಗೊತ್ತಾದ ದಿನದಿಂದ ಅವರು ನನ್ನ ಜೊತೆ ಇಂಗ್ಲಿಷ್ ಬಿಟ್ಟಿದ್ದರು. ನಮ್ಮ ಗೋದಾಮಿಗೆ ಟೈಲ್ಸ್, ವಾಷಿಂಗ್ ಮಷಿನ್, ಕುರ್ಚಿಗಳು ಬರುತ್ತಿದ್ದವು. ಒಂದು ಮೂಲೆಯಲ್ಲಿ ಮಾತ್ರ ತಂಪು ಮತ್ತು ತೇವಾಂಶ ಸದಾ ಒಂದೇ ಮಟ್ಟದಲ್ಲಿರುವ ಕೋಣೆಯೊಂದಿತ್ತು. ಆ ಕೋಣೆಗಾಗಿಯೇ ಆ ಕೆಲಸ ನಮಗೆ ಬಂತು. ಮೆಲಾಕಾದಲ್ಲಿ ಡಚ್ಚರ ಕಾಲದ ವಸ್ತುಗಳ ಪ್ರದರ್ಶನ ನಡೆಯಲಿತ್ತು. ಅಲ್ಲಿನ ಸಭಾಂಗಣ ಇನ್ನೂ ಸಿದ್ಧವಾಗಿರಲಿಲ್ಲ. ಅಲ್ಲಿಯವರೆಗೆ ನೆದರ್ಲೆಂಡ್ಸ್‌ನಿಂದ ಎರವಲು ಬರುವ ಒಂದು ಚಿತ್ರ ಮತ್ತು ಒಂದು ಹಳೆಯ ಕಾಗದ ನಮ್ಮ ಕೋಣೆಯಲ್ಲಿರಬೇಕಿತ್ತು.

ನವೆಂಬರ್ 2, ಗುರುವಾರ, ಬೆಳಿಗ್ಗೆ 11.20. ಒಂದು ನೀಲಿ ಪೆಟ್ಟಿಗೆ ಬಂತು. ಅದರ ಜೊತೆ ಮಾರೈಕೆ ಎಂಬ ಡಚ್ ಹೆಂಗಸು. ಐವತ್ತರ ಆಸುಪಾಸು, ಗಿಡ್ಡ ಬಿಳಿ ಕೂದಲು, ಕಾಲಲ್ಲಿ ಬೆಟ್ಟ ಹತ್ತುವವರ ಬೂಟು. ಚಿತ್ರಗಳು ಊರು ಬಿಟ್ಟು ಹೋಗುವಾಗ ಅವುಗಳ ಜೊತೆ ಹೋಗುವುದೇ ಅವರ ಉದ್ಯೋಗ. ವಿಮಾನ ಇಳಿದ ಮೇಲೂ ಅವರು ಪೆಟ್ಟಿಗೆಯ ಪಕ್ಕ ಬಿಟ್ಟಿರಲಿಲ್ಲ. ನಾನು ಪೆನ್ನು ತೆಗೆದು ಸಿದ್ಧಳಾದೆ. ಅವರು ತಲೆ ಆಡಿಸಿದರು.

"ಇವತ್ತು ತೆರೆಯುವ ಹಾಗಿಲ್ಲ. ಚಿತ್ರ ಬರೆದಿರುವುದು ಓಕ್ ಮರದ ಹಲಗೆಯ ಮೇಲೆ. ಇಪ್ಪತ್ತನಾಲ್ಕು ಗಂಟೆ ಮುಚ್ಚಿದ ಪೆಟ್ಟಿಗೆಯಲ್ಲೇ ಇದ್ದು ಇಲ್ಲಿಯ ಗಾಳಿಗೆ ಹೊಂದಿಕೊಳ್ಳಬೇಕು."

"ಕರೆಕ್ಟ್ ಲಾ," ಎಂದರು ಪಕ್ಕದಲ್ಲಿದ್ದ ಸೆಲ್ವಂ ಅಂಕಲ್. "ಅಷ್ಟು ದೂರದಿಂದ ಬಂದ ನೆಂಟರನ್ನ ಬಾಗಿಲಲ್ಲೇ ನಿಲ್ಲಿಸಿ ಲೆಕ್ಕ ಕೇಳ್ತಾರಾ ಅಮ್ಮಾ?"

ಸೆಲ್ವಂ ಅಂಕಲ್ ನಮ್ಮ ಗೋದಾಮಿನ ಹಿರಿಯ ಪ್ಯಾಕರ್. ಕ್ಲಾಂಗ್‌ನಲ್ಲೇ ಹುಟ್ಟಿ ಬೆಳೆದ ತಮಿಳರು. ಅವರ ಮಾತಿನಲ್ಲಿ ತಮಿಳು, ಮಲಯ, ಇಂಗ್ಲಿಷ್ ಮೂರೂ ಕಲೆತಿರುತ್ತಿದ್ದವು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ಆ 'ಲಾ' ಮಾತ್ರ ಬಿಡಲಾರೆ, ಅದಿಲ್ಲದಿದ್ದರೆ ಅದು ಅವರ ಮಾತೇ ಅಲ್ಲ. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವರ ಕೈಯಿಂದ ಒಂದು ವಸ್ತುವಿಗೂ ಗೀರು ಬಿದ್ದಿರಲಿಲ್ಲ. ಡಿಸೆಂಬರಿನಲ್ಲಿ ನಿವೃತ್ತಿ. ಮೆಲಾಕಾದ ಗೋಡೆಗೆ ಈ ಚಿತ್ರವನ್ನು ತೂಗುಹಾಕುವುದೇ ತಮ್ಮ ಕೊನೆಯ ದೊಡ್ಡ ಕೆಲಸ ಎಂದು ಅವರು ಮೂರು ತಿಂಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಅದಕ್ಕೆಂದೇ ಹೊಸ ಬಿಳಿ ಹತ್ತಿ ಕೈಗವಸುಗಳನ್ನು ಹೆಂಡತಿಯ ಕೈಯಲ್ಲಿ ಒಗೆಸಿ ಇಟ್ಟಿದ್ದರು.

ಮರುದಿನ ಶುಕ್ರವಾರ 11.30ಕ್ಕೆ ಅಂಕಲ್ ಹದಿನಾರು ತಿರುಪುಗಳನ್ನು ಬಿಚ್ಚಿದರು. ಮೊದಲು ಬಂದದ್ದು ಪೈನ್ ವಾಸನೆ. ಆಮೇಲೆ ಆ ಚಿತ್ರ.

ಅದು ಬಹಳ ಚಿಕ್ಕದು, ಊಟದ ತಟ್ಟೆಯಷ್ಟು ಅಗಲ. ಒಂದು ಮೇಜು. ಅದರ ಮೇಲೆ ಅರ್ಧ ಸಿಪ್ಪೆ ಸುಲಿದ ನಿಂಬೆಹಣ್ಣು, ಚೀನಾದ ನೀಲಿ ಬಿಳಿ ಬಟ್ಟಲು, ತವರದ ಒಂದು ಹೂಜಿ, ಕಾಗದದ ಪೊಟ್ಟಣದಿಂದ ಚೆಲ್ಲಿದ ಕರಿಮೆಣಸು. ಅಷ್ಟೇ. ಆದರೆ ನಿಂಬೆಯ ಸಿಪ್ಪೆಯ ಒಳಬದಿ ಇನ್ನೂ ಒದ್ದೆಯಾಗಿತ್ತು. ಯಾರೋ ಈಗಷ್ಟೇ ಸುಲಿದು, ಬಾಗಿಲಲ್ಲಿ ಯಾರೋ ಕರೆದರೆಂದು ಎದ್ದುಹೋದಂತಿತ್ತು. ನನ್ನ ಬಾಯಲ್ಲಿ ನೀರು ಬಂತು. ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ನಿಂಬೆಹಣ್ಣು ನೋಡಿ ಬಾಯಲ್ಲಿ ನೀರು ಬರುವುದೆಂದರೆ ಏನು ಎಂದು ನಾನು ಇವತ್ತಿಗೂ ಬಿಡಿಸಿ ಹೇಳಲಾರೆ.

ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ, ಎಣಿಸಿದೆ. ಮೆಣಸಿನ ಕಾಳು ಇಪ್ಪತ್ತಮೂರು. ಆ ಪೊಟ್ಟಣ ಕಂಡಾಗ ಮಾತ್ರ ಎಣಿಕೆ ನಿಂತಿತು. ನಮ್ಮೂರ ಅಂಗಡಿಯ ಶೆಟ್ಟರು ಹಳೆಯ ಪಂಚಾಂಗದ ಹಾಳೆಯನ್ನು ಕೋನದ ಹಾಗೆ ಸುತ್ತಿ, ತುದಿ ಮಡಚಿ ಮೆಣಸು ಕೊಡುತ್ತಿದ್ದರು. ಅದೇ ಮಡಿಕೆ, ಅದೇ ತುದಿ.

"ಆ ಕಾಗದ ಪಂಚಾಂಗದ್ದೇ," ಎಂದರು ಮಾರೈಕೆ. "ವರ್ಷ ಮುಗಿದ ಮೇಲೆ ಅಲ್ಲಿಯ ಅಂಗಡಿಯವರೂ ಅದರಲ್ಲೇ ಕಟ್ಟುತ್ತಿದ್ದರು. ನಿಮ್ಮ ಊರು ಯಾವುದು?"

"ಬಸರೂರು. ಸಣ್ಣ ಹಳ್ಳಿ. ಒಂದು ಹೊಳೆ ಇದೆ. ನಿಮಗೆ ಗೊತ್ತಿರಲಿಕ್ಕಿಲ್ಲ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಬಾರ್ಸೆಲೋರ್," ಎಂದರು. ಡಚ್ಚರ ಬಾಯಲ್ಲಿ ನಮ್ಮೂರಿನ ಹೆಸರು ಅದಂತೆ. ನಮ್ಮ ಹೊಳೆಯ ದಡದಲ್ಲಿ ಡಚ್ ಕಂಪನಿಯ ಮಳಿಗೆಯಿತ್ತು, ಅಕ್ಕಿ ಮತ್ತು ಮೆಣಸು ಅಲ್ಲಿಂದ ಹಡಗು ಹತ್ತುತ್ತಿದ್ದವು, ಅದಕ್ಕೆ ಅನುಮತಿ ಕೇಳಲು ಅವರ ದೂತರು ಉಡುಗೊರೆ ಹೊತ್ತು ಇಕ್ಕೇರಿಯ ನಾಯಕರಲ್ಲಿಗೆ ಘಟ್ಟ ಹತ್ತಿ ಹೋಗುತ್ತಿದ್ದರು ಎಂದು ಹೇಳಿದರು. ಆ ಹೊಳೆಯ ಪಕ್ಕದ ದಾರಿಯಲ್ಲೇ ನಾನು ಹತ್ತು ವರ್ಷ ಶಾಲೆಗೆ ಹೋಗಿದ್ದೆ. ಹೊಳೆಯ ಹೂಳು, ಕಳೆದುಹೋದ ನನ್ನ ಚಪ್ಪಲಿಗಳು (ನಾಲ್ಕು) ಎಲ್ಲ ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಈ ಚಿತ್ರ ಬರೆದ ಮನುಷ್ಯ, ಬಹುಶಃ ತನ್ನ ಊರು ಬಿಟ್ಟು ಸಮುದ್ರವನ್ನೂ ದಾಟದವನು, ಮೇಜಿನ ಮೇಲೆ ನನ್ನ ಕರಾವಳಿಯನ್ನು ಚೆಲ್ಲಿ ಕುಳಿತು ಕಾಳುಕಾಳಾಗಿ ನೋಡಿದ್ದ.

"ಹೂಜಿ ನಮ್ಮದು ಲಾ," ಎಂದರು ಸೆಲ್ವಂ ಅಂಕಲ್, ತಾವು ಹಿಂದೆ ಬೀಳಬಾರದೆಂದು. "ತವರ ಅಂದ್ರೆ ಪೆರಾಕ್. ನನ್ನ ತಾತ ಅಲ್ಲಿಯ ಗಣಿಯಲ್ಲಿ ಮಣ್ಣು ಹೊತ್ತವರು."

ಮಾರೈಕೆ ನಕ್ಕರು. "ಡಚ್ಚರು ಪೆರಾಕ್‌ನಲ್ಲಿ ತವರ ಕೊಂಡದ್ದು ನಿಜ. ಆದರೆ ಈ ಹೂಜಿ ಎಲ್ಲಿಯದೋ, ಯಾರೂ ಹೇಳಲಾರರು."

"ಹಾಗಾದ್ರೆ ನಾನು ಹೇಳ್ತೀನಿ. ನಮ್ಮದು."

ಆಮೇಲೆ ಕೆಲಸ ಶುರುವಾಯಿತು. ಚಿತ್ರದ ಫೋಟೋದ ಮೇಲೆ ಪಾರದರ್ಶಕ ಹಾಳೆಯಿಟ್ಟು, ಚಿತ್ರದ ಮೇಲಿರುವ ಪ್ರತಿ ಬಿರುಕು, ಪ್ರತಿ ಉದುರಿದ ಬಣ್ಣಕ್ಕೂ ಒಂದು ಸಂಖ್ಯೆ ಕೊಡುವುದು ಪದ್ಧತಿ. ಹೊರಟಾಗ ನಲವತ್ತು ಗುರುತುಗಳಿದ್ದವು. ಬಂದಾಗಲೂ ನಲವತ್ತೇ ಇರಬೇಕು. ಮಾರೈಕೆ ಎಣಿಸಿದರು, ನಾನೂ ಎಣಿಸಿದೆ. ನಲವತ್ತು. ಇಬ್ಬರೂ ಸಹಿ ಹಾಕಿದೆವು. ಪುಟದ ಕೊನೆಯಲ್ಲಿ 'ಇತರರ ಹೇಳಿಕೆ' ಎಂಬ ಕಾಲಮ್ಮಿತ್ತು. ಅದು ಖಾಲಿ ಉಳಿಯಿತು.

"ಆ ಹೂಜಿಯ ಬಗ್ಗೆ ಒಂದು ವಿಷಯವಿದೆ," ಎಂದರು ಅವರು ಮುಚ್ಚಳ ಮುಚ್ಚುವಾಗ. "ಇಲ್ಲಿಯ ಬೆಳಕಿನಲ್ಲಿ ಕಾಣುವುದಿಲ್ಲ. ಮೆಲಾಕಾದಲ್ಲಿ ತೋರಿಸುತ್ತೇನೆ." ಡೈರಿಯಲ್ಲಿ ಬರೆದುಕೊಂಡೆ: ಹೂಜಿ, ಮೆಲಾಕಾ. ಸಂಖ್ಯೆ ಏನೂ ಇರದ ಸಾಲಾದ್ದರಿಂದ ಅದು ನನ್ನ ತಲೆಯಿಂದ ಜಾರಿಹೋಯಿತು.

ಊರಿಗೆ ಮರಳುವ ಮುನ್ನ ಅವರು ಆ ಹಳೆಯ ಕಾಗದವನ್ನೂ ತೋರಿಸಿದರು. ಈ ನೆಲದ ಯಾವನೋ ಸುಲ್ತಾನನಿಗೆ ಡಚ್ ದೂತರು ತಂದ ಉಡುಗೊರೆಗಳ ಪಟ್ಟಿ. ಕೆಂಪು ಉಣ್ಣೆಯ ಬಟ್ಟೆ, ಕನ್ನಡಿಗಳು, ಕನ್ನಡಕ, ದುರ್ಬೀನು, ಎರಡು ಚಿತ್ರಗಳು. ಪ್ರತಿ ಸಾಲಿನ ಮುಂದೆ ಒಂದೊಂದು ಗೀಟು. ಯಾರೋ ಗುಮಾಸ್ತ ಹಡಗಿನಿಂದ ಇಳಿಸುವಾಗ ಒಂದೊಂದನ್ನೇ ನೋಡಿ ಗೀಟು ಹಾಕಿದ್ದ. ನನ್ನ ಹಾಗೆಯೇ, ಎಡಕ್ಕೆ ಸ್ವಲ್ಪ ಬಾಗಿಸಿ. ಕನ್ನಡಿಯ ಸಾಲಿನ ಪಕ್ಕ ಅಂಚಿನಲ್ಲಿ ಸಣ್ಣ ಅಕ್ಷರಗಳಿದ್ದವು. ಮಾರೈಕೆ ಓದಿ ಹೇಳಿದರು: ಒಂದು ಕನ್ನಡಿ ಒಡೆದಿದೆ, ಹಡಗು ಹತ್ತಿಸುವಾಗಲೇ ಬಿರುಕಿತ್ತೆಂದು ಅದನ್ನು ಹೊತ್ತ ಆಳು ಹೇಳುತ್ತಾನೆ. ಅಕ್ಷರ ಎಷ್ಟು ಅಚ್ಚುಕಟ್ಟು ಎಂದು ನಾನು ಬೆರಗಾದೆ. ಏನು ಬರೆದಿದ್ದಾನೆ ಎಂಬುದರ ಬಗ್ಗೆ ಯೋಚಿಸಲಿಲ್ಲ.

ನವೆಂಬರ್ 9, ಗುರುವಾರ. ಮಧ್ಯಾಹ್ನ 3.10ಕ್ಕೆ ಸಿಡಿಲು ಬಡಿದು ಕರೆಂಟು ಹೋಯಿತು. ಜನರೇಟರ್ ಹತ್ತಲಿಲ್ಲ. 3.50ಕ್ಕೆ ಕರೆಂಟು ಬಂದಾಗ ಕೋಣೆಯ ತೇವಾಂಶ ಐವತ್ತೈದರಿಂದ ಅರವತ್ತೆಂಟಕ್ಕೆ ಏರಿತ್ತು. ನಾನು ಅಂಕಲ್ ಹತ್ತಿರ ಓಡಿದೆ.

"ತೆರೆದು ನೋಡಬೇಕು ಅಂಕಲ್."

"ಅವಸರ ಬೇಡಮ್ಮಾ. ಪೆಟ್ಟಿಗೆಯ ಒಳಗೆ ಆರಾಮಾಗಿದೆ. ಮುಚ್ಚಿದ್ದರೇ ಕ್ಷೇಮ."

ನಾನು ರೋನಾಲ್ಡ್ ಸರ್‌ಗೆ ಫೋನ್ ಮಾಡಿದೆ. "ತೆರೆದು ನೋಡಿಬಿಡಿ ಮಾರಾಯ್ತಿ," ಎಂದರು. "ನಾಳೆ ಇನ್ಶೂರೆನ್ಸಿನವ ಕೇಳಿದ್ರೆ ನಾನೆಂತ ಹೇಳುದು?"

ಅಂಕಲ್ ತಿರುಪು ಬಿಚ್ಚಿದರು. ಹದಿನಾರನೆಯದರಲ್ಲಿ ಸ್ಕ್ರೂಡ್ರೈವರ್ ಜಾರಿ ಮುಚ್ಚಳದ ಮೇಲೆ ಟಕ್ ಎಂದು ಬಡಿಯಿತು. ನಾನು ಗಡಿಯಾರ ನೋಡಿದೆ, 4.12. ಮೇಲಿನ ದೀಪಗಳು ಇನ್ನೂ ಪೂರ್ತಿ ಹತ್ತಿರಲಿಲ್ಲ. ಟಾರ್ಚನ್ನು ಪಕ್ಕದಿಂದ ಹಿಡಿದು ಎಣಿಸಿದೆ. ನಲವತ್ತರ ನಂತರ, ಹೂಜಿಯ ಹೊಟ್ಟೆಯ ಎಡಭಾಗದಲ್ಲಿ, ಇನ್ನೊಂದು. ಎಳ್ಳಿನಷ್ಟು ಬಿಳಿ ಚುಕ್ಕೆ. ಮೂರು ಸಲ ಎಣಿಸಿದೆ. ಮೂರು ಸಲವೂ ನಲವತ್ತೊಂದು.

"ಬಣ್ಣ ಉದುರಿದೆ," ಎಂದೆ.

ಅಂಕಲ್ ಬಗ್ಗಿ ಬಹಳ ಹೊತ್ತು ನೋಡಿದರು. ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ಆಚೀಚೆ ಸರಿಸಿದರು. "ಇಲ್ಲಮ್ಮಾ. ಇದು ಹಾನಿಯಲ್ಲ. ಇದು ಬೆಳಕು."

"ಬೆಳಕು ಅಂದ್ರೆ?"

"ನನಗೆ ಹೇಳಕ್ಕೆ ಬರಲ್ಲ ಲಾ. ಉದುರಿದ ಜಾಗ ಗುಳಿ ಬಿದ್ದಿರುತ್ತೆ. ಇದು ಉಬ್ಬಿದೆ. ಯಾರೋ ಇಟ್ಟದ್ದು."

ನಾನು ಫ್ಲ್ಯಾಶ್ ಹಾಕಿ ಫೋಟೋ ತೆಗೆದೆ. ಹೂಜಿಯಿಡೀ ಹೊಳೆದು ಬಿಳಿಯಾಯಿತು. ಮಾರೈಕೆಯ ಕಚೇರಿಗೆ ವರದಿ ಬರೆದು ಕಳಿಸಿದೆ: ಹೊಸ ಗುರುತು 41, ಹೂಜಿಯ ಎಡಭಾಗ, ಬಿಳಿ ಚುಕ್ಕೆ, ಬಣ್ಣ ಉದುರಿರಬಹುದು. 4.12ಕ್ಕೆ ಹದಿನಾರನೆಯ ತಿರುಪಿನಲ್ಲಿ ಉಪಕರಣ ಜಾರಿ ಸದ್ದಾಯಿತು, ತೆರೆದವರು ಎಂ. ಸೆಲ್ವಂ. ಎಲ್ಲವೂ ನಿಜ. ಒಂದೂ ಸುಳ್ಳಿರಲಿಲ್ಲ. 'ಇತರರ ಹೇಳಿಕೆ' ಕಾಲಮ್ಮನ್ನು ಖಾಲಿ ಬಿಟ್ಟೆ. ಅಳತೆಯಿಲ್ಲದ, ಪುರಾವೆಯಿಲ್ಲದ ಮಾತನ್ನು ಎಲ್ಲಿ ಬರೆಯುವುದು ಎಂದು ಆಗ ಅನ್ನಿಸಿತ್ತು. 'ಇದು ಬೆಳಕು' ಎಂಬುದನ್ನು ಯಾವ ಸಂಖ್ಯೆಯ ಎದುರಿಗೆ ಹಾಕಲಿ?

ಶುಕ್ರವಾರ ಮಧ್ಯಾಹ್ನ ಉತ್ತರ ಬಂತು. ಮಾರೈಕೆ ಬೇರೊಂದು ಚಿತ್ರದ ಜೊತೆ ಬೇರೆ ದೇಶದಲ್ಲಿದ್ದರು. ಅವರ ಕಚೇರಿಯವರು ನಿಯಮದ ಪ್ರಕಾರ ನಡೆದರು. ಮಾರೈಕೆ ಬರುವವರೆಗೆ ಚಿತ್ರವನ್ನು ಯಾರೂ ಮುಟ್ಟಬಾರದು. ಹಾನಿ ಖಚಿತವಾದರೆ ಎರವಲು ರದ್ದು. ಪೆಟ್ಟಿಗೆ ತೆರೆದ ಕೆಲಸಗಾರ ಇನ್ನು ಮುಂದೆ ಈ ಕೆಲಸದಲ್ಲಿರಬಾರದು.

ರೋನಾಲ್ಡ್ ಸರ್ ಕಾಗದ ಹಿಡಿದುಕೊಂಡೇ ಗೋದಾಮಿಗೆ ಬಂದರು. ಸೆಲ್ವಂ ಅಂಕಲ್ ಪೂರ್ತಿ ಓದಲಿಲ್ಲ. ಎದೆಯ ಜೇಬಿನಿಂದ ಬಿಳಿ ಕೈಗವಸುಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. "ಬೇರೆಯವರಿಗೆ ಬೇಕಾಗುತ್ತೆ ಲಾ," ಎಂದು ವಾಷಿಂಗ್ ಮಷಿನ್‌ಗಳ ಕಡೆ ಹೋದರು. ಅವತ್ತಿನ ಡೈರಿಯಲ್ಲಿ ಇರುವುದು ಒಂದೇ ಸಾಲು: ಕೈಗವಸು, ಒಂದು ಜೊತೆ.

ಭಾನುವಾರ ದೀಪಾವಳಿ. ಇಲ್ಲಿ ಹಬ್ಬದ ದಿನ ಮನೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಕರೆಯದೆಯೂ ಹೋಗಬಹುದು. ಹೋಗಲೋ ಬೇಡವೋ ಎಂದು ಹನ್ನೊಂದರವರೆಗೆ ಕುಳಿತು, ಕೊನೆಗೆ ಹೋದೆ. ಅಂಗಳದಲ್ಲಿ ಬಣ್ಣದ ಅಕ್ಕಿಯ ರಂಗೋಲಿ, ಅವರ ಕೋಲಂ, ಹಾಕಿತ್ತು. ಬಾಗಿಲಲ್ಲಿ ಅವರ ಹೆಂಡತಿ ಪುಷ್ಪಾ ಆಂಟಿ ನಿಂತಿದ್ದರು.

"ನೀನೇನಾ ಆ ನಲವತ್ತೊಂದು?"

ನಾನು ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟೆ.

"ಬಾ, ಒಳಗೆ ಬಾ. ಮುರುಕು ತಿನ್ನು. ಎಣಿಸಿಕೊಂಡು ತಿನ್ನು, ಆಮೇಲೆ ಒಂದು ಜಾಸ್ತಿ ಆಯ್ತು ಅಂತ ಬರೆದುಬಿಟ್ಟೀಯೆ."

"ಏಯ್, ಸುಮ್ಮನಿರು ಲಾ," ಎಂದರು ಅಂಕಲ್ ಒಳಗಿನಿಂದ. "ಕಂಡದ್ದನ್ನ ಬರೆದಳು. ಅದು ಅವಳ ಕೆಲಸ."

"ನೀವು ಹೇಳಿದ್ದನ್ನ ಬರೆದಳಾ?"

ಆಂಟಿ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದ ಮುರುಕು, ನಮ್ಮ ಚಕ್ಕುಲಿಯಂಥದ್ದು, ಮುರಿದು ಮಡಿಲಲ್ಲಿ ಬಿತ್ತು. ಆಗ ನೆನಪಾದದ್ದು ಆ ಗುಮಾಸ್ತ. ಅಷ್ಟು ದೂರ ಸಮುದ್ರ ದಾಟಿ, ಪರದೇಶದ ದಂಡೆಯಲ್ಲಿ ನಿಂತು, ಸುಲ್ತಾನನ ಕನ್ನಡಿ ಒಡೆದಿರುವಾಗ, ಅವನು ಆ ಹೊರೆಯಾಳಿನ ಕಡೆ ತಿರುಗಿ ನೀನೇನು ಹೇಳುತ್ತೀಯ ಎಂದು ಕೇಳಿದ್ದ. ಕೇಳಿದ್ದನ್ನು ಬರೆದಿದ್ದ. ಆ ಆಳು ಹೇಳಿದ್ದು ನಿಜವೋ ಅಲ್ಲವೋ ಎಂದು ತೀರ್ಪು ಕೊಡಲು ಹೋಗಿರಲಿಲ್ಲ. ಜಾಗ ಮಾತ್ರ ಕೊಟ್ಟಿದ್ದ. ಬಾಗಿದ ಗೀಟು ಒಂದನ್ನು ಬಿಟ್ಟರೆ ನಾನು ಅವನ ಹಾಗೆ ಇರಲೇ ಇಲ್ಲ.

ಸೋಮವಾರ ರಜೆ. ಆದರೂ ರೋನಾಲ್ಡ್ ಸರ್‌ಗೆ ಫೋನ್ ಮಾಡಿ, ವರದಿಗೆ ಒಂದು ಸಾಲು ಸೇರಿಸಿ ಕಳಿಸುತ್ತೇನೆ ಎಂದೆ.

"ಹೊಸತು ಎಂತ ಬರೀಲಿಕ್ಕೆ ಉಂಟು ಈಗ?"

"ಸೆಲ್ವಂ ಅಂಕಲ್ ಹೇಳಿದ್ದು ಸರ್. ನಾನು ಅವತ್ತು ಬಿಟ್ಟುಬಿಟ್ಟೆ. ಪೆಟ್ಟಿಗೆ ತೆರೆಯೋದು ಬೇಡ ಅಂತಲೂ ಅವರೇ ಹೇಳಿದ್ದು. ತೆರೆಯಬೇಕು ಅಂತ ಹಟ ಮಾಡಿದ್ದು ನಾನು."

"ತೆರೆಯಿರಿ ಅಂತ ಹೇಳಿದ್ದು ನಾನು ಅಲ್ವಾ ಮಾರಾಯ್ತಿ. ಅದನ್ನೂ ಬರೀತೀಯಾ?"

"ಬರೀಬೇಕಾಗ್ತದೆ ಸರ್."

"ನಿನ್ನ ಕೆಲಸ ಹೋದ್ರೆ ನನ್ನ ಹತ್ರ ಬಂದು ಅಳ್ಬೇಡ. ನನ್ನ ಹೆಸರಿನ ಸ್ಪೆಲ್ಲಿಂಗ್ ಸರಿ ಹಾಕು."

ಮಧ್ಯಾಹ್ನ 2.25ಕ್ಕೆ ಕಳಿಸಿದೆ. ನಾಲ್ಕು ಸಾಲು. ಕೊನೆಯ ಸಾಲು: ಪ್ಯಾಕರ್ ಎಂ. ಸೆಲ್ವಂ ಅದೇ ಸಮಯದಲ್ಲಿ ಹೇಳಿದ್ದು, 'ಇದು ಹಾನಿಯಲ್ಲ, ಇದು ಬೆಳಕು, ಉಬ್ಬಿದೆ.' ಇದನ್ನು ಮೊದಲ ವರದಿಯಲ್ಲಿ ದಾಖಲಿಸದಿದ್ದದ್ದು ನನ್ನ ತಪ್ಪು. ಅವತ್ತೂ ಮಳೆ ಬಂತು. ಉತ್ತರ ಬರಲಿಲ್ಲ.

ನವೆಂಬರ್ 15, ಬುಧವಾರ, ಬೆಳಿಗ್ಗೆ 9.40. ಮಾರೈಕೆ ವಿಮಾನ ನಿಲ್ದಾಣದಿಂದ ನೇರ ಬಂದರು. ಮುಖದಲ್ಲಿ ನಗುವಿರಲಿಲ್ಲ. "ಸೆಲ್ವಂ ಎಲ್ಲಿ?" ಎಂದು ಕೇಳಿದರು.

"ಅವರು ಇರಬಾರದು ಅಂತ ನಿಮ್ಮ ಕಚೇರಿಯಿಂದ..."

"ಕರೆಯಿರಿ."

ಅಂಕಲ್ ಬಂದು ಬಾಗಿಲ ಹತ್ತಿರ ನಿಂತರು. ಒಳಗೆ ಕಾಲಿಡಲಿಲ್ಲ. ನಾನೇ ಹೋಗಿ ಕೈಗವಸುಗಳನ್ನು ಕೊಟ್ಟೆ. ಅವರು ಹದಿನಾರು ತಿರುಪು ಬಿಚ್ಚಿದರು. ಈ ಸಲ ಎಲ್ಲೂ ಜಾರಲಿಲ್ಲ. ಮಾರೈಕೆ ಕೋಣೆಯ ದೀಪ ಆರಿಸಿ, ಸಣ್ಣ ದೀಪವೊಂದನ್ನು ಪಕ್ಕದಿಂದ, ಹಲಗೆಗೆ ತಾಗುವಷ್ಟು ತಗ್ಗಿಸಿ ಹಿಡಿದರು. ಕಣ್ಣಿಗೆ ಭೂತಗನ್ನಡಿ ಹಾಕಿ ಹೂಜಿಯ ಮೇಲೆ ಬಗ್ಗಿದರು. ನಾನು ಉಸಿರನ್ನು ಎಣಿಸುತ್ತಿದ್ದೆ. ಹದಿನೇಳರ ಹೊತ್ತಿಗೆ ಅವರು ನೆಟ್ಟಗಾದರು.

"ನೋಡಿ," ಎಂದು ಭೂತಗನ್ನಡಿಯನ್ನು ನನಗೆ ಕೊಟ್ಟರು.

ಮೊದಲು ಬರೀ ಬೂದು. ಆಮೇಲೆ ಹೂಜಿಯ ಹೊಟ್ಟೆಯಲ್ಲಿ ಒಂದು ಕಿಟಕಿ, ಬಾಗಿದ ಕಿಟಕಿ, ನಾಲ್ಕು ಗಾಜು. ಕಿಟಕಿಯ ಪಕ್ಕ ಒಂದು ಕಪ್ಪು ಆಕೃತಿ. ಟೋಪಿ. ಚಾಚಿದ ತೋಳು, ತೋಳಿನ ತುದಿಯಲ್ಲಿ ಕಡ್ಡಿಯಂಥದ್ದೇನೋ, ಕುಂಚವಿರಬೇಕು. ಟೋಪಿಯ ಕೆಳಗೆ, ಕಿಟಕಿಯ ಬೆಳಕು ಬಿದ್ದ ಕೆನ್ನೆ. ಆ ಕೆನ್ನೆಯೇ ನನ್ನ ನಲವತ್ತೊಂದು. ಕುಂಚದ ತುದಿಯಿಂದ ಒಮ್ಮೆ ಮುಟ್ಟಿಸಿ ಬಿಟ್ಟ ಬಿಳಿ. ಅದಕ್ಕೆ ನೆರಳಿತ್ತು. ಅದು ಉಬ್ಬಿತ್ತು.

ಎದುರಿಗಿದ್ದ ಹೂಜಿಯಲ್ಲಿ ತಾನು ಕಂಡ ತನ್ನದೇ ಪ್ರತಿಬಿಂಬವನ್ನು ಆ ಚಿತ್ರಕಾರ ಹಾಗೇ ಬರೆದಿಟ್ಟಿದ್ದ. ಅಂದರೆ ಅವನು ನಿಂತಿದ್ದ ಜಾಗದಲ್ಲೇ ಈಗ ನಾನು ನಿಂತಿದ್ದೆ. ಇನ್ನೊಂದು ಗಳಿಗೆ ನೋಡಿದರೆ ಆ ಹೂಜಿಯಲ್ಲಿ ನನ್ನ ಮುಖವೂ ಕಂಡೀತು ಎನ್ನಿಸಿ ಅರ್ಧ ಹೆಜ್ಜೆ ಹಿಂದೆ ಸರಿದೆ.

"ಇವನ ಹೆಸರೇನು?"

"ಗೊತ್ತಿಲ್ಲ. ಸಹಿ ಹಾಕಿಲ್ಲ, ಯಾವ ದಾಖಲೆಯಲ್ಲೂ ಇಲ್ಲ. ಅವನದು ಅಂತ ಉಳಿದಿರುವುದು ಇಷ್ಟೇ." ಆಗ ಅವರು ಆ ದಿನ ಮೊದಲ ಸಲ ನಕ್ಕರು. "ಬಹಳ ಜನ ಇವನನ್ನು ನೋಡದೆಯೇ ಹೋಗಿದ್ದಾರೆ. ಆದರೆ ಇವನಿಗೆ ಹಾನಿ ಅಂತ ನಂಬರ್ ಕೊಟ್ಟವರು ನೀವೇ ಮೊದಲು." ಆಮೇಲೆ ಅಂಕಲ್ ಕಡೆ ತಿರುಗಿದರು. "ಟಾರ್ಚಿನಲ್ಲಿ, ಭೂತಗನ್ನಡಿ ಇಲ್ಲದೆ, ಹೇಗೆ ಗೊತ್ತಾಯಿತು?"

ಅಂಕಲ್ ಭೂತಗನ್ನಡಿಗೆ ಕಣ್ಣು ಹಚ್ಚಿದ್ದರು. "ಮೂವತ್ತೊಂದು ವರ್ಷ ಒಡೆದದ್ದು ಯಾವುದು, ಒಡೆಯದ್ದು ಯಾವುದು ಅಂತ ನೋಡೋದೇ ಕೆಲಸ ಅಲ್ವಾ ಲಾ," ಎಂದರು. ಮತ್ತೆ, ದನಿ ತಗ್ಗಿಸಿ, ಆ ಹೂಜಿಗೆ ಹೇಳುವಂತೆ: "ಅಪ್ಪಾ, ಇಷ್ಟು ದೂರ ಬಂದೆಯಾ."

ವರದಿಯಲ್ಲಿ ಯಾವುದನ್ನೂ ಅಳಿಸುವ ಹಾಗಿಲ್ಲ. ತಪ್ಪಾದದ್ದರ ಮೇಲೆ ಕೆಳಗಿನ ಅಕ್ಷರ ಓದಲು ಬರುವಂತೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ನಾನು 41ರ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ ಬರೆದೆ: ಹಾನಿಯಲ್ಲ, ಬೆಳಕು. ಮೊದಲು ಗುರುತಿಸಿದವರು ಎಂ. ಸೆಲ್ವಂ, ಪ್ಯಾಕರ್, ಕ್ಲಾಂಗ್. ಮೂವರೂ ಸಹಿ ಹಾಕಿದೆವು. ಅಂಕಲ್ ಕೈಗವಸು ತೆಗೆಯಲು ಮರೆತು ಸಹಿ ಹಾಕಿದರು. ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ನವೆಂಬರ್ 20ರಂದು ಮೆಲಾಕಾದಲ್ಲಿ ಚಿತ್ರವನ್ನು ಗೋಡೆಗೇರಿಸಿದವರು ಅವರೇ. ಉದ್ಘಾಟನೆಗೆ ಎರಡೂ ದೇಶಗಳ ದೊಡ್ಡವರು ಬಂದು, ಹಳೆಯ ವ್ಯಾಪಾರ, ಹೊಸ ಸ್ನೇಹ ಎಂದೆಲ್ಲ ಮಾತಾಡಿ, ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟುಕೊಂಡರು. ನಾನು ಹಿಂದಿನ ಸಾಲಿನಿಂದ ಎಣಿಸಿದೆ, ಆರು ಪೊಟ್ಟಣ. ಅವುಗಳಲ್ಲಿ ಏನಿತ್ತೆಂದು ಯಾರೋ ಎಲ್ಲೋ ಬರೆದಿಟ್ಟುಕೊಂಡಿರಬೇಕು ಎಂದು ನೆನೆದು ಆ ಅಪರಿಚಿತ ಗುಮಾಸ್ತನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಪ್ರದರ್ಶನದ ಕೊನೆಯ ಭಾನುವಾರ, ಫೆಬ್ರವರಿ 18, ಅಂಕಲ್ ಪುಷ್ಪಾ ಆಂಟಿಯನ್ನು ಕರೆತಂದರು. ಆಗಲೇ ಅವರು ನಿವೃತ್ತರು. ಟಿಕೆಟಿಲ್ಲದೆ ಒಳಗೆ ಬಿಡುತ್ತೇವೆ ಎಂದರೂ ಕೇಳದೆ ಸಾಲಿನಲ್ಲಿ ನಿಂತು ಬಂದಿದ್ದರು. ಆಂಟಿ ಮೊದಲು ಕಂಡದ್ದು ಮೆಣಸು. "ನಮ್ಮ ಅಂಗಡಿ ಪೊಟ್ಟಲಂ ಇದು!" ಎಂದರು ಗಟ್ಟಿಯಾಗಿ. ಆಮೇಲೆ ಹೂಜಿಯ ಮುಂದೆ ನಿಂತು, "ಎಲ್ಲಿ ನಿಮ್ಮ ಸ್ನೇಹಿತ? ಕಾಣಿಸ್ತಾ ಇಲ್ಲ," ಎಂದರು.

ಅಂಕಲ್ ಬೆರಳು ಮಾಡಿ ತೋರಿಸಲಿಲ್ಲ. "ಸ್ವಲ್ಪ ಈ ಕಡೆ ನಿಲ್ಲು ಲಾ. ಬೆಳಕು ಬರೋ ಕಡೆ."

ಆಂಟಿ ಸರಿದು ನಿಂತರು. ಬಗ್ಗಿದರು. ನಾನು ಏಳರವರೆಗೆ ಎಣಿಸಿದ್ದೆ. "ಅಯ್ಯೋ," ಎಂದರು ಅವರು, ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಚಿಕ್ಕವನಾ! ಇವನಿಗೋಸ್ಕರನಾ ನನ್ನ ದೀಪಾವಳಿ ಹಾಳು ಮಾಡಿದ್ದು?" ಎಂದು ನನ್ನ ತೋಳು ಗಿಲ್ಲಿದರು. ಆ ಗಿಲ್ಲಿದ್ದು ಎರಡು ದಿನ ಉರಿಯುತ್ತಿತ್ತು. ಡೈರಿಯಲ್ಲಿದೆ.

ಚಿತ್ರ ಮರಳಿ ಹೋಯಿತು. ಅದರ ಜೊತೆ ಆ ಕಡತವೂ. ಇನ್ನು ಆ ಹಲಗೆ ಯಾವ ಊರಿಗೆ ಹೋದರೂ, ಅದನ್ನು ತೆರೆಯುವವರು ಮೊದಲು ಆ ಹಾಳೆಗಳನ್ನು ಓದಲೇಬೇಕು. ನಾನು ಕೆಲಸ ಬದಲಿಸಿ ಪೆನಾಂಗಿಗೆ ಬಂದೆ. ಸಂಬಳ ಹೆಚ್ಚು, ಮಳೆ ಕಡಿಮೆ. ಪೆಟ್ಟಿಗೆಗಳು ಇಲ್ಲಿಯೂ ಇವೆ. ಅವುಗಳಲ್ಲಿ ನಿಂಬೆಹಣ್ಣು ಇಲ್ಲ.

ಡೈರಿ ಓದಿ ಮುಗಿಸಿದ ಸಂಜೆಯೇ ಮಾರೈಕೆಗೆ ಎರಡು ಸಾಲು ಬರೆದೆ. ಬುಧವಾರ ಉತ್ತರ ಬಂತು. ಈ ವರ್ಷ ಚಿತ್ರ ಇನ್ನೊಂದು ದೇಶಕ್ಕೆ ಹೋಗಿತ್ತಂತೆ. ಅಲ್ಲಿ ತಪಾಸಣೆ ಮಾಡಿದ ಹುಡುಗಿ ನಲವತ್ತರವರೆಗೆ ಬಂದು, ಗೀಟು ಎಳೆದ ಸಾಲನ್ನು ಎರಡು ಸಲ ಓದಿ, ತಲೆಯೆತ್ತಿ ಕೇಳಿದಳಂತೆ: "ಈ ಸೆಲ್ವಂ ಯಾರು?"

ಅದನ್ನು ಹಾಗೆಯೇ ಅಂಕಲ್‌ಗೆ ಕಳಿಸಿದೆ. ಅವರ ಹೆಸರು ಅಷ್ಟು ದೂರ ಹೋಗಿದೆ ಎಂದು ಕೇಳಿ ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಫೋನಿಗೆ ಅವರ ದನಿಸಂದೇಶ ಬಂತು, ಹಿಂದೆ ಪುಷ್ಪಾ ಆಂಟಿಯ ಕುಕ್ಕರಿನ ಸೀಟಿ.

"ಅದಿರಲಿ ಲಾ ಅಮ್ಮಾ. ಆ ಹುಡುಗಿಗೆ ಹೂಜಿಯಲ್ಲಿ ಅವನು ಕಂಡನಾ ಅಂತ ಕೇಳು."

ಕೇಳಿದೆ. ಕಂಡನಂತೆ.